ಇನ್ನು ಮೇಲೆ ಫೋಟೋ ನೋಡಿ ಸೋಫಾ ರೇಟು ಹೇಳುವುದಿಲ್ಲ

ನಮಸ್ಕಾರ್ರಿ,

ರಾಯಚೂರು, ಮಾನ್ವಿ, ಸಿಂಧನೂರು ಕಡೆಯಿಂದ ನಮ್ಮ ಅಂಗಡಿಗೆ ಬರುವ ಎಲ್ಲ ಅಣ್ಣಂದಿರಿಗೆ, ಅಕ್ಕಂದಿರಿಗೆ ಒಂದು ವಿಷಯ ತಿಳಿಸಬೇಕಿತ್ತು. ಬರುವ ತಿಂಗಳ ಒಂದನೇ ತಾರೀಖಿನಿಂದ ವಾಟ್ಸಾಪಿನಲ್ಲಿ ಫೋಟೋ ನೋಡಿ ಸೋಫಾ ರಿಪೇರಿ ರೇಟು ಹೇಳುವುದನ್ನು ನಿಲ್ಲಿಸುತ್ತಿದ್ದೇವೆ. ನಾವೇ ಮನೆಗೆ ಬರುತ್ತೇವೆ, ಸೋಫಾ ಬೋರಲು ಹಾಕಿ ಅಡಿಯ ಕರಿ ಬಟ್ಟೆ ಬಿಚ್ಚಿ ಒಳಗೆ ನೋಡುತ್ತೇವೆ, ಆಮೇಲೆ ರಿಪೇರಿ ಮಾಡಿಸಬೇಕೋ ಹೊಸದು ತಗೊಳ್ಳಬೇಕೋ ಹೇಳುತ್ತೇವೆ. ಇದಕ್ಕೆ ಊರೊಳಗೆ 200 ರೂಪಾಯಿ. ಹೊರಗಿನ ಊರಿಗಾದರೆ ಹೋಗಿಬರುವ ಖರ್ಚು ಬೇರೆ. ಕೆಲಸ ನಮಗೇ ಕೊಟ್ಟರೆ ಆ 200 ಬಿಲ್ಲಿನಲ್ಲಿ ಕಳೆಯುತ್ತೇವೆ.

"ಇಷ್ಟು ದಿನ ಇಲ್ಲದ್ದು ಈಗ್ಯಾಕ್ರಿ?" ಅಂತ ಕೇಳುತ್ತೀರಿ. ಕೇಳಬೇಕಾದ್ದೇ. ಹೋದ ಬೇಸಿಗೆಯಲ್ಲಿ ನಾವು ಎರಡು ತಪ್ಪು ಮಾಡಿದೆವು, ಅದನ್ನೇ ಹೇಳಿಬಿಡುತ್ತೇನೆ.

ಒಬ್ಬ ಟೀಚರ್ ಅಕ್ಕ ಮೂರು ಜನ ಕೂರುವ ಸೋಫಾದ ಫೋಟೋ ಕಳಿಸಿ "ಎಷ್ಟಾಗ್ತದ ಹೇಳ್ರಿ" ಅಂದರು. ಫೋಟೋದಲ್ಲಿ ಬಟ್ಟೆ ಮಾತ್ರ ಹರಿದಿತ್ತು. 11,500 ಅಂದೆವು. ನಮ್ಮ ಮಾತು ನಂಬಿ ಎಂಟು ಮೀಟರ್ ಬಟ್ಟೆಯನ್ನೂ ಖರೀದಿಸಿದರು. ಸೋಫಾ ಟೆಂಪೋದಲ್ಲಿ ಅಂಗಡಿಗೆ ಬಂತು, ನಮ್ಮ ಹುಡುಗ ಕೈ ಇಡುವ ಕಡೆಯ ಪಿನ್ನು ಒಂದೊಂದೇ ಕಿತ್ತು ಬಟ್ಟೆ ಸರಿಸಿದ, ಒಳಗಿನ ಮರದ ಪಟ್ಟಿ ಅವನ ಬೆರಳಿಗೆ ರವೆ ಹಾಗೆ ಉದುರಿತು. ಗೆದ್ದಲು ಒಳಗಿಂದಲೇ ತಿಂದು ಹಾಕಿತ್ತು, ಬಟ್ಟೆ ಬಿಗಿಯಾಗಿದ್ದದ್ದಕ್ಕೆ ಸೋಫಾ ನಿಂತಿತ್ತು ಅಷ್ಟೇ. ಮರಕ್ಕೇ ಇನ್ನೂ 6,000 ಬೇಕಾಯಿತು. ಬಡಿಗೇರರ ಕೂಲಿ ನಾವೇ ಹಾಕಿಕೊಂಡೆವು, ಆದರೂ ಆಕೆಗೆ ನಷ್ಟವೇ. ಮೊದಲೇ ಗೊತ್ತಿದ್ದರೆ ಆ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಹೊಸದೇ ತಗೊಳ್ಳಬಹುದಿತ್ತು ಅಲ್ವಾ?

ಎರಡನೇದು ಇದಕ್ಕಿಂತ ನೋವಿನದು. ಹಳೇ ಮನೆಯೊಂದರ ಸೋಫಾ. ಫೋಟೋದಲ್ಲಿ ಸ್ಪ್ರಿಂಗು ಹೊರಗೆ ಬಂದಿತ್ತು, ಸೀಟು ಕುಸಿದಿತ್ತು, ನಡುವೆ ಗೋಣಿ ಜೋತಾಡುತ್ತಿತ್ತು. "ಇದಕ್ಕೆ ಖರ್ಚು ಮಾಡಬೇಡಿ ಅಣ್ಣಾರೆ" ಅಂದುಬಿಟ್ಟೆವು. ಅವರು ಗುಜರಿಗೆ ಹಾಕಿದರು. ಹದಿನೈದು ದಿನ ಬಿಟ್ಟು ಬೇರೆ ಕೆಲಸಕ್ಕೆ ಗುಜರಿಗೆ ಹೋದಾಗ ಅದೇ ಸೋಫಾದ ಚೌಕಟ್ಟು ಬಿಸಿಲಲ್ಲಿ ಬಿದ್ದಿತ್ತು. ಪೂರ್ತಿ ಸಾಗವಾನಿ. ಮರಕ್ಕೆ ಮರ ಸಿಗಿಸಿ ಮರದ್ದೇ ಗೂಟ ಹೊಡೆದ ಜೋಡಣೆ, ಒಂದು ಕಡೆಯೂ ಅಲುಗಾಟ ಇಲ್ಲ. ಅಂಥ ಮರ ಇವತ್ತು ಎಷ್ಟು ಕೊಟ್ಟರೆ ಸಿಗುತ್ತದೆ? ಅವರ ಅಪ್ಪನ ಕಾಲದ್ದಂತೆ ಅದು. ನಾವು ಒಂದು ಸರ್ತಿ ಹೋಗಿ ನೋಡಿದ್ದರೆ ಅವರ ಮಕ್ಕಳ ಕಾಲಕ್ಕೂ ಉಳಿಯುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಸೀಮೆ ಹತ್ತಿ ಸೀಮೆ. ಗಾದಿ ಗಟ್ಟಿಯಾಯಿತು ಅಂತ ನಮ್ಮ ಅಜ್ಜಿಯರು ಯಾವತ್ತೂ ಎಸೆಯಲಿಲ್ಲ. ಹೊಲಿಗೆ ಬಿಚ್ಚಿ, ಹತ್ತಿ ತೆಗೆದು ಪಿಂಜಾರರ ಹತ್ತಿರ ಹಿಂಜಿಸಿ, ಹೊಸ ಬಟ್ಟೆಯಲ್ಲಿ ತುಂಬಿಸಿದರೆ ಅದೇ ಗಾದಿ ಮತ್ತೆ ಹೂವಿನಂಗೆ. ಹತ್ತಿ ಚೆನ್ನಾಗಿದೆಯೋ ಇಲ್ಲವೋ ಅಂತ ಕೈಯಲ್ಲಿ ಹಿಡಿದು ನೋಡಿಯೇ ಹೇಳುತ್ತಿದ್ದರು. ಸೋಫಾದಲ್ಲಿ ಆ ಹತ್ತಿಯ ಜಾಗದಲ್ಲಿ ಇರುವುದು ಒಳಗಿನ ಮರ. ಬಟ್ಟೆ, ಫೋಮು, ಸೀಟಿನ ಅಡಿ ಬಿಗಿದ ಬೆಲ್ಟು ಎಲ್ಲಾ ಬದಲಾಯಿಸಬಹುದು. ಮರ ಹೋದರೆ ಸೋಫಾ ಹೋಯಿತು.

ನೀವೇ ಒಂದು ಪರೀಕ್ಷೆ ಮಾಡಿ. ಸೋಫಾದ ಮುಂದಿನ ಒಂದು ಕಾಲನ್ನು ಗೇಣುದ್ದ ಎತ್ತಿ. ಆ ಕಡೆಯ ಮುಂಗಾಲೂ ಜೊತೆಗೇ ಎದ್ದರೆ ಚೌಕಟ್ಟು ಗಟ್ಟಿ ಇದೆ. ಅದು ನೆಲ ಬಿಡದೆ ನಡುವೆ ತಿರುಚಿಕೊಂಡು ಕಿರ್ ಅಂದರೆ ಒಳಗೆ ಜೋಡಣೆ ಸಡಿಲ. ಗಟ್ಟಿ ಮರದಲ್ಲಿ ಜೋಡಣೆ ಸಡಿಲವಾದರೆ ಅಂಟು ಹಾಕಿ ಬಿಗಿ ಮಾಡಬಹುದು, ಕಬ್ಬಿಣದ ಪೈಪಿನದಾದರೆ ವೆಲ್ಡಿಂಗ್ ಆಗುತ್ತದೆ. ಆದರೆ ಮರದ ಪುಡಿ ಒತ್ತಿ ಮಾಡಿದ ಬೋರ್ಡಿನ ಸೋಫಾ, ಅದರಲ್ಲೂ ನೆಲ ಒರೆಸಿ ಒರೆಸಿ ಕಾಲಿನ ಹತ್ತಿರ ನೀರು ಕುಡಿದು ಉಬ್ಬಿದ್ದು, ಅದಕ್ಕೆ ಸ್ಕ್ರೂ ಹಿಡಿಯುವುದೇ ಇಲ್ಲ. ಅಂಥದ್ದಕ್ಕೆ ಹತ್ತು ಸಾವಿರದ ಬಟ್ಟೆ ಹಾಕಿಸಿ ಅಂತ ನಾವು ಹೇಳುವುದಿಲ್ಲ. ನಮಗೆ ಕೆಲಸ ತಪ್ಪಿದರೂ ಪರವಾಗಿಲ್ಲ, ಹೊಸದು ತಗೊಳ್ಳಿ ಅಂತಲೇ ಹೇಳುತ್ತೇವೆ. ರಿಪೇರಿ ಖರ್ಚು ಅಷ್ಟೇ ಗಟ್ಟಿಯ ಹೊಸ ಸೋಫಾದ ಬೆಲೆಯ ಅರ್ಧ ದಾಟಿದರೂ ಹಾಗೇ, ನಿಮ್ಮ ಮನೆಯವರ ನೆನಪಿನ ವಸ್ತು ಅನ್ನುವುದು ಬಿಟ್ಟು. ಆ ಲೆಕ್ಕ ನಿಮಗೇ ಗೊತ್ತು, ನಾವು ಮಧ್ಯೆ ಬರುವುದಿಲ್ಲ.

ಒಂದು ಮಾತು, "ಅಷ್ಟೇ ಗಟ್ಟಿಯ" ಅಂದದ್ದನ್ನು ಗಮನಿಸಿ. ಹಳೇ ಸಾಗವಾನಿ ಸೋಫಾದ ರಿಪೇರಿ ಖರ್ಚನ್ನು ಹಬ್ಬದ ಆಫರಿನ ಬೋರ್ಡ್ ಸೋಫಾದ ಬೆಲೆ ಜೊತೆ ಇಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ.

ಬಟ್ಟೆ ವಿಷಯ. ರೆಕ್ಸಿನ್ ಬೇಕು ಅಂತ ಜಾಸ್ತಿ ಜನ ಕೇಳುತ್ತಾರೆ, ಒರೆಸುವುದು ಸುಲಭ ಅಂತ. ನಮ್ಮೂರಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬೆವರಿಗೆ ಮೈ ಅಂಟುತ್ತದೆ, ಕಿಟಕಿ ಬಿಸಿಲಿಗೆ ಅದು ಬಿರಿಯುತ್ತದೆ. ತಲೆ ಒರಗಿಸುವ ಜಾಗದಲ್ಲಿ ಎಣ್ಣೆ ತಾಗಿ ತಾಗಿ ಮೊದಲು ಸಿಪ್ಪೆ ಏಳುವುದು ಅಲ್ಲೇ, ನೀವೂ ನೋಡಿರುತ್ತೀರಿ. ದಪ್ಪ ಹತ್ತಿ ಬಟ್ಟೆ ಹಾಕಿಸಿ, ಸೀಟಿನ ಕವರಿಗೆ ಜಿಪ್ ಇಡಿಸಿ, ಒಗೆಯಲು ಬರುತ್ತದೆ. ಫೋಮು ಸೀಟಿಗೆ 40 ಡೆನ್ಸಿಟಿ, ಬೆನ್ನಿಗೆ 32 ಇದ್ದರೂ ನಡೆಯುತ್ತದೆ. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮು ಎಷ್ಟು ಕೆಜಿ ತೂಗುತ್ತದೆ ಅಂತ. ಮುಟ್ಟಿದಾಗ ಗಟ್ಟಿ ಅನಿಸುವುದೇ ಬೇರೆ, ಡೆನ್ಸಿಟಿಯೇ ಬೇರೆ. ಹಗುರ ಫೋಮು ಅಂಗಡಿಯಲ್ಲಿ ಚೆನ್ನಾಗಿಯೇ ಪುಟಿಯುತ್ತದೆ, ಸ್ವಲ್ಪ ದಿನಕ್ಕೆ ಕೂತ ಜಾಗ ಗುಂಡಿ ಬೀಳುತ್ತದೆ. ಬಿಲ್ಲಿನಲ್ಲಿ ಇನ್ನು ಮೇಲೆ ಡೆನ್ಸಿಟಿ ಬರೆದೇ ಕೊಡುತ್ತೇವೆ.

ಈಗಾಗಲೇ ಫೋಟೋ ಕಳಿಸಿ ರೇಟು ಕೇಳಿದವರಿಗೆ ಹಳೇ ಮಾತೇ. ನಿಮ್ಮ ಹತ್ತಿರ 200 ತಗೊಳ್ಳುವುದಿಲ್ಲ, ಆದರೆ ಕೆಲಸ ಹಿಡಿಯುವ ಮುಂಚೆ ಬಂದು ನೋಡಿ ಹೋಗುತ್ತೇವೆ. ಅಲ್ಲಿವರೆಗೆ ಬಟ್ಟೆ ಮಾತ್ರ ಖರೀದಿಸಬೇಡಿ.

ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ ಬರುತ್ತೇವೆ, ಹಿಂದಿನ ದಿನ ಫೋನ್ ಮಾಡಿ. ಮನೆಗೆ ಬರುವವರಿದ್ದಾರೆ ಅಂತ ಸೋಫಾ ಕೆಳಗೆ ಗುಡಿಸಿ ಇಡಬೇಡಿ. ಅಲ್ಲಿ ಮರದ ಪುಡಿ ಬಿದ್ದಿದ್ದರೆ ನಾವು ಮೊದಲು ನೋಡಬೇಕಾದ್ದು ಅದನ್ನೇ.