ಥಿಯರಿಗೂ ಸಮಯ ಕೊಡಿ

ಮಾನ್ಯರೇ,

‘ಭೌತಶಾಸ್ತ್ರದಲ್ಲಿ ಬರೀ ಥಿಯರಿ ಮಾಡಿ ಏನು ಪ್ರಯೋಜನ?’ ಎಂದು ಸುಮ್ನೆ ಕೇಳಿಬಿಡುವವರೇ ಜಾಸ್ತಿ. ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಒಂದು ಉದಾಹರಣೆ ನೋಡಿ. ಒಂದು ಎಲೆಕ್ಟ್ರಾನಿನ ಪುಟ್ಟ ಅಯಸ್ಕಾಂತದಂಥ ಗುಣವಾದ ಸ್ಪಿನ್‌ಗೆ ಎರಡೇ ಸ್ಥಿತಿ, ಮೇಲೆ ಅಥವಾ ಕೆಳಗೆ. ಎರಡು ಸ್ಪಿನ್‌ ಸೇರಿದರೆ ನಾಲ್ಕು, ಮೂರಾದರೆ ಎಂಟು. ಹೀಗೇ 300ಕ್ಕೆ ಹೋದರೆ, ಲೆಕ್ಕ ಇಡಬೇಕಾದ ಸ್ಥಿತಿಗಳು ಕಾಣುವ ವಿಶ್ವದ ಪರಮಾಣುಗಳಿಗಿಂತಲೂ ಹೆಚ್ಚು! ಯಾವ ಕಂಪ್ಯೂಟರೂ ಅದನ್ನೆಲ್ಲ ಬರೆದಿಡಲಾರದು. ಹೊಸ ಯೋಚನೆಯೇ ಬೇಕು, ಅಲ್ವಾ?

ಅತಿಯಾಗಿ ತಣ್ಣಗಾದ ಪಾದರಸದಲ್ಲಿ ವಿದ್ಯುತ್ ತಡೆಯಿಲ್ಲದೆ ಹರಿಯುವುದು ಗೊತ್ತಾಗಿದ್ದು 1911ರಲ್ಲಿ. ಎಲೆಕ್ಟ್ರಾನುಗಳು ಜೋಡಿಯಾಗುವುದೇ ಕಾರಣ ಎಂದು ಭೌತವಿಜ್ಞಾನಿಗಳಾದ ಬಾರ್ಡೀನ್, ಕೂಪರ್, ಶ್ರೀಫರ್ ವಿವರಿಸಿದ್ದು 1957ರಲ್ಲಿ. 46 ವರ್ಷ ಹಿಡಿಯಿತು! 1986ರಲ್ಲಿ ಸಿಕ್ಕ, ಹೀಗೇ ತಡೆಯಿಲ್ಲದೆ ವಿದ್ಯುತ್ ಹರಿಸುವ ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರುಗಳ ಗುಟ್ಟು ಇನ್ನೂ ಪೂರ್ತಿ ಬಿಚ್ಚಿಕೊಂಡಿಲ್ಲ. ಇಂಥ ಕೆಲಸಕ್ಕೆ ಎರಡು ಮೂರು ವರ್ಷದಲ್ಲಿ ಫಲ ತೋರಿಸಿ ಎನ್ನಬೇಡಿ.

– ಒಬ್ಬ ಓದುಗ