ಇನ್ನುಮುಂದೆ ನಮ್ಮ ಗಾಡಿಗಳಿಗೆ ಹೊಸ ಬಣ್ಣ ಇಲ್ಲ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳಿಂದ ನಾವು ಮಾರುವ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಮತ್ತು ಸಣ್ಣ ಲೋಡರ್‌ಗಳಿಗೆ ಬಣ್ಣ ಹೊಡೆಸುವುದಿಲ್ಲ. ಗಾಡಿ ನೋಡುವವರು ಹಿಂದಿನ ದಿನ ಫೋನ್ ಮಾಡಿ, ಬೆಳಿಗ್ಗೆಯೇ ಬರಬೇಕು. ರೇಟೂ ಸ್ವಲ್ಪ ಏರಿದೆ. ಮೂರನ್ನೂ ಒಟ್ಟಿಗೆ ಹೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ತೊಂದರೆಗೆ ಕ್ಷಮೆ ಇರಲಿ.

ಆದರೆ "ಬಣ್ಣವೂ ಇಲ್ಲ, ರೇಟು ಬೇರೆ ಜಾಸ್ತಿ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಬಣ್ಣ ಮುಚ್ಚುವುದು ತುಕ್ಕನ್ನಷ್ಟೇ ಅಲ್ಲ. ಲೋಡರ್ ತೋಳಿನ ಬುಡ ಬಿರುಕು ಬಿಟ್ಟು ವೆಲ್ಡಿಂಗ್ ಆಗಿದ್ದರೆ ಅದೂ ಮುಚ್ಚಿಹೋಗುತ್ತದೆ. ಆಯಿಲ್ ಜಿನುಗುವ ಜಾಗ ಒರೆಸಿ ಬಳಿದುಬಿಟ್ಟರೆ ಕೆಲವು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಬಣ್ಣಕ್ಕೆ ಹಾಕುತ್ತಿದ್ದ ದುಡ್ಡನ್ನು ಈಗ ಬಕೆಟ್ಟಿನ ಪಿನ್ನು, ಬುಷ್, ಸೀಲ್, ಹೈಡ್ರಾಲಿಕ್ ಆಯಿಲ್‌ಗೆ ಹಾಕುತ್ತಿದ್ದೇವೆ. ಸಾಲದ್ದಕ್ಕೆ ಕೈಯಿಂದಲೂ ಹಾಕುತ್ತಿದ್ದೇವೆ. ಸೀಲ್ ಅಂದರೆ ಆಯಿಲ್ ಸೋರದಂತೆ ತಡೆಯುವ ಸಣ್ಣ ಉಂಗುರ, ನಿಜ. ಆದರೆ ಅದನ್ನು ಬದಲಿಸಲು ಲೋಡರ್ ತೋಳು ಎತ್ತುವ ಇಡೀ ಹೈಡ್ರಾಲಿಕ್ ಸಿಲಿಂಡರ್ ಬಿಚ್ಚಬೇಕು. ಸಿಲಿಂಡರಿನೊಳಗೆ ಹೋಗಿಬರುವ ರಾಡಿನ ಕ್ರೋಮ್ ಲೇಪ ಎದ್ದಿದ್ದರೆ ಹೊಸ ಸೀಲೂ ಬೇಗ ಹರಿಯುತ್ತದೆ, ಆಗ ರಾಡನ್ನೇ ಸರಿಮಾಡಿಸಬೇಕು. ಬಿಲ್ಲೂ ನಮಗೆ, ಬೈಗುಳವೂ ನಮಗೆ.

ಬೆಳಿಗ್ಗೆಯೇ ಯಾಕೆ? ಇಂಜಿನ್ ತಣ್ಣಗಿರಬೇಕು. ಬಿಸಿಯಿದ್ದರೆ ಸೋತ ಇಂಜಿನ್ನೂ ಸಲೀಸಾಗಿ ಸ್ಟಾರ್ಟ್ ಆಗಿಬಿಡುತ್ತದೆ. ಕೀ ನೀವೇ ತಿರುಗಿಸಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಆ ಗಾಡಿ ಬಿಟ್ಟುಬಿಡಿ, ನಮ್ಮದೇ ಆದರೂ ಸರಿ. ಆಮೇಲೆ ತುಂಬಿದ ಬಕೆಟ್ ಎತ್ತಿ, ಇಂಜಿನ್ ಆಫ್ ಮಾಡಿ, ದೂರ ನಿಂತು ನೋಡಿ. ಬಕೆಟ್ ಸರಸರ ಇಳಿದರೆ ಸೀಲೋ ವಾಲ್ವೋ ಸವೆದಿದೆ. ಗಾಡಿ ಎಷ್ಟು ಗಂಟೆ ಓಡಿದೆ ಅಂತ ಹೇಳುವ ಅವರ್ ಮೀಟರ್ ಕಡಿಮೆ ತೋರಿಸಿತು ಅಂತ ಸುಮ್ನೆ ಖುಷಿಪಡಬೇಡಿ, ಮೀಟರ್ ಬದಲಿಸುವುದು ಕಷ್ಟವಲ್ಲ. ಕ್ಲಚ್ ಪೆಡಲ್ ಎಷ್ಟು ಸವೆದಿದೆ ನೋಡಿ.

ಲೋಡರ್ರೋ ಟ್ರ್ಯಾಕ್ಟರ್ರೋ ಅಂತ ತುಂಬಾ ಜನ ಕೇಳುತ್ತಾರೆ. ಉಳುಮೆ, ರೋಟವೇಟರ್ ಕೆಲಸಕ್ಕೆ ಟ್ರ್ಯಾಕ್ಟರೇ ಬೇಕು. ರೋಟವೇಟರ್ ತಿರುಗಿಸುವ ಹಿಂದಿನ ಶಾಫ್ಟ್, ಅಂದರೆ ಪಿ.ಟಿ.ಓ., ನಿಮಿಷಕ್ಕೆ 540 ಸುತ್ತು ತಿರುಗುತ್ತದಾ ಅಂತ ಹಾಕಿಯೇ ನೋಡಿ. ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ಗೊಬ್ಬರ ಎತ್ತುವುದೇ ಜಾಸ್ತಿಯಾದರೆ ಸ್ಕಿಡ್ ಲೋಡರ್ ಅನ್ನುವ ಸಣ್ಣ ಲೋಡರ್ ಒಳ್ಳೆಯದು. ಆದರೆ ಅದು ನಿಂತಲ್ಲೇ ತಿರುಗುವಾಗ ಟೈರು ಹಸಿ ನೆಲವನ್ನು ಕಿತ್ತುಹಾಕುತ್ತದೆ. ಎರಡೂ ನಮ್ಮಲ್ಲಿವೆ. ನಿಮ್ಮ ಕೆಲಸಕ್ಕೆ ಬಾರದ್ದನ್ನು ಕೊಡುವುದಿಲ್ಲ.

ಬರುವಾಗ ನಿಮ್ಮ ಮೆಕ್ಯಾನಿಕ್‌ನ ಕರೆದುಕೊಂಡು ಬನ್ನಿ, ನಮಗೇನೂ ಬೇಸರವಿಲ್ಲ. ಬಣ್ಣ ಬೇಕೇ ಬೇಕು ಅನ್ನುವವರು ಗಾಡಿ ಓಡಿಸಿ, ಒಪ್ಪಿ, ತೆಗೆದುಕೊಂಡ ಮೇಲೆ ಹೇಳಿ. ಖರ್ಚು ನಿಮ್ಮದು, ಹೊಡೆಸಿಕೊಡುವುದು ನಮ್ಮ ಜವಾಬ್ದಾರಿ.