ಟ್ಯೂನರ್ ಕಾರ್ಡಿಗೆ 666 ಮದ್ದಲ್ಲ

ಮಾನ್ಯ ಸಂಪಾದಕರೇ,

ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕುರಿತು ತಮ್ಮ ಪತ್ರಿಕೆಯಲ್ಲಿ ಕಳೆದ ವಾರ ಬಂದ ಬರಹ ಸಕಾಲಿಕವಾಗಿತ್ತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುವುದನ್ನು ಕಂಡವರು ಈ ಕೆಲಸವನ್ನು ಮುಂದೂಡಲಾರರು. ಆದರೆ ಲಿನಕ್ಸ್‌ನಲ್ಲಿ ಟಿವಿ ಟ್ಯೂನರ್ ಕಾರ್ಡ್ (ವಿಸಿಆರ್‌ನಂಥವುಗಳ ಚಿತ್ರವನ್ನು ಕಂಪ್ಯೂಟರಿಗೆ ತರುವ ಬಿಲ್ಲೆ) ತೆರೆಯದಿದ್ದರೆ ಅದರ ಸಾಧನ ಕಡತಕ್ಕೆ, ಅಂದರೆ ತಂತ್ರಾಂಶಗಳು ಆ ಕಾರ್ಡನ್ನು ತಲುಪುವ ಕಡತಕ್ಕೆ, 'ಸಿಎಚ್‌ಮಾಡ್ 666' ಕೊಟ್ಟು ಎಲ್ಲರಿಗೂ ಓದುವ, ಬರೆಯುವ ಅನುಮತಿ ನೀಡಿಬಿಡಿ ಎಂಬ ಅದರ ಸಲಹೆಯನ್ನು ಒಪ್ಪಲಾಗದು.

ಉಡುಪಿಯ ನಮ್ಮ ಮನೆಯಲ್ಲಿ ತಂದೆಯವರ ಕಾಲದ ಯಕ್ಷಗಾನದ ಕ್ಯಾಸೆಟ್‌ಗಳೂ ಬಿಟಿ878 ಚಿಪ್ಪಿನ ಒಂದು ಪಿಸಿಐ ಕಾರ್ಡೂ ಇವೆ. ಕಾರ್ಡ್ ಕೆಟ್ಟಿದೆ, ಗುಜರಿಗೆ ಹಾಕಿ ಎಂದು ರಿಪೇರಿಯವರು ಹೇಳಿದ್ದರು. ಯಂತ್ರದ ಪಿಸಿಐ ಸಾಧನಗಳ ಪಟ್ಟಿ ಕೊಡುವ 'ಎಲ್‌ಎಸ್‌ಪಿಸಿಐ' ಆದೇಶ ಕೊಟ್ಟರೆ ಚಿಪ್ಪಿನ ಹೆಸರು ಕಂಡಿತು; ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸಂದೇಶಗಳನ್ನು ತೋರಿಸುವ 'ಡಿಮೆಸೆಜ್' ನೋಡಿದರೆ ಆ ಚಿಪ್ಪನ್ನು ನಡೆಸುವ ಬಿಟಿಟಿವಿ ಡ್ರೈವರ್ ಕಾರ್ಡನ್ನು ಹಿಡಿದಿತ್ತು, ಆದರೆ ಅದರ ಮಾದರಿ ತಿಳಿಯದೆ 'ಕಾರ್ಡ್=0', ಅಂದರೆ ಅಪರಿಚಿತ, ಎಂದು ಬರೆದುಕೊಂಡಿತ್ತು. ತನ್ನ ಗುರುತು ಹೇಳುವ ಸಣ್ಣ ಚಿಪ್ಪು ಅಗ್ಗದ ಕಾರ್ಡ್‌ಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಸರಿಯಾದ ಮಾದರಿ ಸಂಖ್ಯೆಯನ್ನು, ಡ್ರೈವರ್‌ಗಳನ್ನು ಹೇರುವ ಮಾಡ್‌ಪ್ರೋಬ್‌ನ ಸಂರಚನೆಯಲ್ಲಿ ಬರೆದು ಡ್ರೈವರನ್ನು ಮತ್ತೆ ಹೇರಿದೆ. ವಿಸಿಆರ್‌ನ ಹಳದಿ ವಯರನ್ನು ಕಾಂಪೊಸಿಟ್ ರಂಧ್ರಕ್ಕೆ ಸಿಕ್ಕಿಸಿ ಪಾಲ್ ಎಂಬ ಟಿವಿ ಸಂಕೇತ ಪದ್ಧತಿಯನ್ನು ಆರಿಸಿದಾಗ ಪರದೆಯಲ್ಲಿ ವೇಷ ಮೂಡಿತು.

ಇನ್ನು ಅನುಮತಿಯ ವಿಷಯ. ಕಾರ್ಡಿನ ವಿಡಿಯೊ0 ಎಂಬ ಸಾಧನ ಕಡತದ ಒಡೆಯ ರೂಟ್ (ಯಂತ್ರದ ಪೂರ್ಣಾಧಿಕಾರದ ಖಾತೆ), ಗುಂಪು 'ವಿಡಿಯೊ'. ಕಂಪ್ಯೂಟರಿನ ಮುಂದೆ ಕುಳಿತು ಲಾಗಿನ್ ಆದವರಿಗೆ ಈಗಿನ ಹೆಚ್ಚಿನ ಲಿನಕ್ಸ್‌ಗಳು ತಾವಾಗಿಯೇ ಅನುಮತಿ ಕೊಡುತ್ತವೆ. ಅಲ್ಲಿ ಯಾರೂ ಲಾಗಿನ್ ಆಗಿರದಾಗ ಇನ್ನೊಂದು ಕೋಣೆಯಿಂದ ಎಸ್‌ಎಸ್‌ಎಚ್ (ಜಾಲದ ಮೂಲಕ ದೂರದಿಂದ ಲಾಗಿನ್ ಆಗುವ ವಿಧಾನ) ಮೂಲಕ ಹೊಕ್ಕರೆ 'ಪರ್ಮಿಷನ್ ಡಿನೈಡ್', ಅಂದರೆ ಅನುಮತಿ ಇಲ್ಲ, ಎನ್ನುತ್ತವೆ. ನಿನ್ನೆ ನಡೆದದ್ದು ಇಂದು ಏಕೆ ನಡೆಯದು ಎಂದು ತಲೆಕೆಡಿಸಿಕೊಳ್ಳುವುದು ಇಲ್ಲೇ. ಆಗ 666 ಕೊಟ್ಟರೆ ಕೆಲಸವೇನೋ ಆಗುತ್ತದೆ, ಆದರೆ ಆ ಕಡತ ಪ್ರತಿ ಬೂಟ್‌ನಲ್ಲಿಯೂ ಹೊಸದಾಗಿ ಹುಟ್ಟುವುದರಿಂದ ಮರುದಿನ ಅನುಮತಿ ಮೊದಲಿನಂತೆಯೇ ಇರುತ್ತದೆ. ಅಲ್ಲದೆ ವೆಬ್‌ಕ್ಯಾಮ್ ಕೂಡ ಇದೇ ಹೆಸರಿನ ಸಾಲಿನಲ್ಲಿ ಬರುತ್ತದೆ. ಒಮ್ಮೆ ಕಾರ್ಡ್ ವಿಡಿಯೊ1 ಆಗಿ, ನನ್ನ ಕಿಟಕಿಯಲ್ಲಿ ಯಕ್ಷಗಾನದ ಬದಲು ನನ್ನದೇ ಮುಖ ಕಂಡಿತ್ತು! ಅಂಥ ಕಡತವನ್ನು ಯಂತ್ರದ ಎಲ್ಲ ಖಾತೆಗಳಿಗೂ ತೆರೆದಿಡುವುದು ಯಾವ ಲೆಕ್ಕ?

ಮಾಡಬೇಕಾದದ್ದು ಇಷ್ಟೇ: 'ಯೂಸರ್‌ಮಾಡ್' ಆದೇಶದಿಂದ ಬಳಕೆದಾರರನ್ನು ವಿಡಿಯೊ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಲಾಗಿನ್ ಆಗುವುದು. ಆದೇಶದಲ್ಲಿ ದೊಡ್ಡ 'ಜಿ'ಯ ಜೊತೆ ಸಣ್ಣ 'ಎ' ಇರಲೇಬೇಕು. ನಾನು 'ಎ' ಬಿಟ್ಟು ಬರೆದು, ಉಳಿದೆಲ್ಲ ಗುಂಪುಗಳಿಂದ, ರೂಟ್ ಅಧಿಕಾರ ಬಳಸಲು ಬಿಡುವ ಸುಡೊ ಗುಂಪಿನಿಂದಲೂ, ಹೊರಬಿದ್ದೆ. ದುರಸ್ತಿಗೆಂದೇ ಇರುವ ರಿಕವರಿ ಮೋಡ್‌ಗೆ ಹೋಗಿ ಸರಿಪಡಿಸುವಷ್ಟರಲ್ಲಿ ರಾತ್ರಿ ಒಂದು ಗಂಟೆ.

ಆ ಸಲಹೆಗೆ ತಿದ್ದುಪಡಿಯೊಂದನ್ನು, ಈ ಸಣ್ಣ 'ಎ'ಯ ಎಚ್ಚರಿಕೆಯೊಂದಿಗೆ, ಪ್ರಕಟಿಸಬೇಕೆಂದು ವಿನಂತಿ.

ಇಂತಿ,
ಓದುಗರೊಬ್ಬರು, ಉಡುಪಿ